ಅಡುಗೆಮನೆ ಪ್ರಶ್ನೋತ್ತರ: ಬಿಳಿ ಕಾಳು, ಕೇಲ್ ಸೊಪ್ಪಿನ ಗಟ್ಟಿ ಸೂಪ್

ದಾವಣಗೆರೆ, ಚಿತ್ರದುರ್ಗ ಸೀಮೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪಾತ್ರೆಯ ಸುತ್ತ ಇವೆ. ಕಾಳು ಬೇಯಲಿಲ್ಲ, ಸೊಪ್ಪು ಸಿಗಲಿಲ್ಲ, ಸೂಪ್ ನೀರಾಯಿತು, ಹೊಟ್ಟೆ ಉಬ್ಬಿತು. ಒಂದೊಂದಾಗಿ ನೋಡೋಣ.

ಮಗಳು ಬೆಂಗಳೂರಿನಿಂದ ಬರುವಾಗ ಬಿಳಿ ರಾಜ್ಮಾ ಮತ್ತು ಒಂದು ಕಟ್ಟು ಕೇಲ್ ಸೊಪ್ಪು ತಂದಿದ್ದಾಳೆ, ಸೂಪ್ ಮಾಡು ಅಂತಾಳೆ. ನನಗೆ ಗೊತ್ತಿರೋದು ಟೊಮೆಟೊ ಸೂಪ್ ಮಾತ್ರ. ನಾಲ್ಕು ಜನರಿಗೆ ರಾತ್ರಿ ಊಟಕ್ಕೆ ಸಾಕಾಗುವ ಹಾಗೆ ಮಾಡೋದು ಹೇಗೆ?
– ಓದುಗರು, ವಿದ್ಯಾನಗರ, ದಾವಣಗೆರೆ

ಟೊಮೆಟೊ ಸೂಪನ್ನು ಮರೆತುಬಿಡಿ, ಬಸ್ಸಾರನ್ನು ನೆನಪಿಸಿಕೊಳ್ಳಿ. ಇಟಲಿಯ ಟಸ್ಕನಿ ಪ್ರಾಂತ್ಯದ ರೈತರ ಮನೆಯ ಅಡುಗೆ ಇದು. ಅಲ್ಲಿ ಕ್ಯಾನೆಲಿನಿ ಎಂಬ ಬಿಳಿ ಕಾಳು, ಕಡುಹಸಿರು ಉದ್ದನೆಯ ಕೇಲ್ ಎಲೆ ಹಾಕುತ್ತಾರೆ. ನಾವು ಬಸ್ಸಾರಿಗೆ ಕಾಳು ಸೊಪ್ಪು ಬೇಯಿಸಿ, ಕಟ್ಟು ಬಸಿದು, ಪಲ್ಯ ಬೇರೆ ಸಾರು ಬೇರೆ ಮಾಡುತ್ತೇವಲ್ಲ, ಇಲ್ಲಿ ಬಸಿಯುವುದೇ ಇಲ್ಲ. ಕಟ್ಟು, ಕಾಳು, ಸೊಪ್ಪು ಮೂರೂ ಒಂದೇ ಪಾತ್ರೆಯಲ್ಲಿ ಉಳಿಯುತ್ತವೆ. ಸೂಪಿನ ರುಚಿ, ಮಂದ ಎರಡೂ ಆ ಕಟ್ಟಿನಲ್ಲೇ ಇರೋದು. ಕಾಳು ಬೆಂದ ನೀರನ್ನು ಚೆಲ್ಲಿದರೆ ಮುಂದೆ ಏನು ಹಾಕಿದರೂ ಅದು ತುಂಬಿಬರುವುದಿಲ್ಲ.

ನಾಲ್ಕು ಜನರಿಗೆ 200 ಗ್ರಾಂ ಒಣ ಬಿಳಿ ರಾಜ್ಮಾ, ಅಂದರೆ ಒಂದು ಲೋಟಕ್ಕೆ ಸ್ವಲ್ಪ ಹೆಚ್ಚು, ಸಾಕು. ಹಿಂದಿನ ರಾತ್ರಿ ಆರಿಸಿ, ತೊಳೆದು, ಒಂದೂವರೆ ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಉಪ್ಪು ಕರಗಿಸಿ ಅದರಲ್ಲಿ ನೆನೆಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ಹಿರಿಯರು ಹೇಳಿದ್ದನ್ನು ಕೇಳಿರುತ್ತೀರಿ. ನೆನೆಸುವ ನೀರಿನ ಮಟ್ಟಿಗೆ ಅದು ನಿಜವಲ್ಲ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವ ಕ್ಯಾಲ್ಸಿಯಂ ಜಾಗಕ್ಕೆ ಉಪ್ಪಿನ ಸೋಡಿಯಂ ಬಂದು ಕೂರುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಬೆಂದಾಗ ಒಡೆಯುವುದಿಲ್ಲ. 8ರಿಂದ 10 ಗಂಟೆ ನೆನೆಯಲಿ. ಏಪ್ರಿಲ್, ಮೇ ತಿಂಗಳ ನಮ್ಮೂರ ಸೆಕೆಯಲ್ಲಿ ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ನೀರಿನ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಆ ದಿನಗಳಲ್ಲಿ ಫ್ರಿಜ್ಜಿನಲ್ಲೇ ಇಡಿ.

ಬೆಳಿಗ್ಗೆ ಆ ನೀರು ಚೆಲ್ಲಿ ಎರಡು ಸಲ ತೊಳೆಯಿರಿ. ಐದು ಲೀಟರ್ ಕುಕ್ಕರಿಗೆ ಕಾಳು, ಒಂದೂಕಾಲು ಲೀಟರ್ ಹೊಸ ನೀರು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಪಲಾವ್ ಎಲೆ, ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ. ಮುಚ್ಚಳ ಹಾಕದೆ ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಮೇಲೆ ಬರುವ ಬೂದುಬಣ್ಣದ ನೊರೆಯನ್ನು ಸೌಟಿನಿಂದ ತೆಗೆಯಿರಿ. ಈ ಹತ್ತು ನಿಮಿಷ ಯಾಕೆ ಅಂತ ಹೊನ್ನಾಳಿಯ ಪತ್ರಕ್ಕೆ ಉತ್ತರಿಸುವಾಗ ಹೇಳುತ್ತೇವೆ, ಅದನ್ನು ಮಾತ್ರ ಬಿಡಬೇಡಿ. ಆಮೇಲೆ ಮುಚ್ಚಳ ಹಾಕಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಕಾಳಿನ ನೊರೆ ಉಕ್ಕಿ ಸೀಟಿಯ ಕಿಂಡಿ ಕಟ್ಟಿಕೊಳ್ಳುತ್ತದೆ. ಮೊದಲ ಸೀಟಿ ಆದ ಮೇಲೆ ಉರಿ ಪೂರ್ತಿ ತಗ್ಗಿಸಿ 12 ನಿಮಿಷ. ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಉರಿಯ ಮೇಲೆ, ಗ್ಯಾಸ್ಕೆಟ್ ಮೇಲೆ ಸೀಟಿಯ ಲೆಕ್ಕ ದಿನಕ್ಕೊಂದು ಥರ ಆಗುತ್ತದೆ, ನಿಮಿಷದ ಲೆಕ್ಕ ಹಾಗಾಗುವುದಿಲ್ಲ. ಒತ್ತಡ ತಾನಾಗಿಯೇ ಇಳಿಯಲಿ. ಅವಸರಕ್ಕೆ ಸೀಟಿ ಎತ್ತಿ ಹಬೆ ಬಿಟ್ಟರೆ ಕಾಳು ಒಳಗಿನಿಂದ ಒಡೆದು ಸಿಪ್ಪೆ ಬೇರೆಯಾಗುತ್ತದೆ.

ಬೆಂದಿದೆಯೋ ಇಲ್ಲವೋ ನೋಡಲು ಚಮಚದಲ್ಲಿ ನಾಲ್ಕು ಕಾಳು ತೆಗೆದುಕೊಂಡು ಮೆಲ್ಲಗೆ ಊದಿ. ಸಿಪ್ಪೆ ಸುಕ್ಕುಗಟ್ಟಿ ಸುರುಳಿಯಾಗಿ ಮೇಲೆದ್ದರೆ ಬೆಂದಿದೆ ಅಂತ ಅರ್ಥ. ಇನ್ನೊಂದನ್ನು ನಾಲಿಗೆಯಿಂದ ಅಂಗುಳಿಗೆ ಒತ್ತಿ ನೋಡಿ, ಹಲ್ಲು ತಾಗಿಸದೆ ಬೆಣ್ಣೆಯ ಹಾಗೆ ಹರಡಬೇಕು. ನಡುವೆ ಹಿಟ್ಟುಹಿಟ್ಟಾದ ಗಟ್ಟಿ ಚುಕ್ಕೆ ಸಿಕ್ಕರೆ ಇನ್ನೂ ಐದು ನಿಮಿಷ ಬೇಕು. ಒಂದು ಕಾಳು ನೋಡಿ ತೀರ್ಮಾನಿಸಬೇಡಿ, ಐದಾದರೂ ನೋಡಿ.

ಕುಕ್ಕರ್ ಇಳಿಯುವಷ್ಟರಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ. ಒಂದು ದೊಡ್ಡ ಈರುಳ್ಳಿ, ಒಂದು ಕ್ಯಾರೆಟ್, ಸಿಕ್ಕರೆ ಒಂದು ದಂಟು ಸೆಲರಿ, ಎಲ್ಲವನ್ನೂ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಹಾಕಿ. ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬಾಡಿಸಿ. ನಮ್ಮ ಕೈಗೆ ಒಗ್ಗರಣೆ ಅಂದರೆ ಚಟಪಟ ಅನ್ನಿಸಿ ಇಳಿಸುವ ಅಭ್ಯಾಸ. ಇಲ್ಲಿ ಕಾಯಬೇಕು. ಈರುಳ್ಳಿ ಕೆಂಪಾಗಬಾರದು, ಗಾಜಿನಂತೆ ಹೊಳೆದು ಸಿಹಿ ವಾಸನೆ ಬರಬೇಕು. ಕೆಂಪಾದರೆ ಸೂಪಿಗೆ ಕುರ್ಮಾದ ರುಚಿ ಬರುತ್ತದೆ. ಆಮೇಲೆ ಸಣ್ಣಗೆ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ, ಮುರಿದ ಒಂದು ಬ್ಯಾಡಗಿ ಮೆಣಸಿನಕಾಯಿ, ಒಂದು ನಿಮಿಷ. ಹೆಚ್ಚಿದ ಎರಡು ಟೊಮೆಟೊ, ಹಸಿ ವಾಸನೆ ಹೋಗಿ ಎಣ್ಣೆ ಬಿಡುವ ತನಕ.

ಈಗ ಕಾಳನ್ನು ಕಟ್ಟಿನ ಸಮೇತ ಸುರಿಯಿರಿ. ಪಲಾವ್ ಎಲೆ ತೆಗೆಯಿರಿ. ಮೂರರಲ್ಲಿ ಒಂದು ಪಾಲು ಕಾಳನ್ನು ಬೇರೆ ಬಟ್ಟಲಿಗೆ ತೆಗೆದು ಮ್ಯಾಷರ್ ಅಥವಾ ಸೌಟಿನ ಬೆನ್ನಿನಿಂದ ನುಣ್ಣಗೆ ಮಸೆದು ಮತ್ತೆ ಪಾತ್ರೆಗೆ ಸೇರಿಸಿ. ಕೇಲ್ ಸೊಪ್ಪು ದಂಟಿನ ಸಮೇತ 200 ಗ್ರಾಂ ಇದ್ದರೆ ಎಲೆ ಅಂದಾಜು 120 ಗ್ರಾಂ ಸಿಗುತ್ತದೆ. ದಂಟನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಎರಡು ಬೆರಳಿನ ನಡುವೆ ಎಲೆಯನ್ನು ಬುಡದಿಂದ ತುದಿಗೆ ಸರ್ರನೆ ಎಳೆಯಿರಿ, ನಡುನಾರು ಕೈಯಲ್ಲೇ ಉಳಿದು ಎಲೆ ಬಿಡಿಸಿಕೊಳ್ಳುತ್ತದೆ. ಎಲೆಗಳನ್ನು ಪೇರಿಸಿ ಸುರುಳಿ ಸುತ್ತಿ ಬೆರಳಗಲ ಕೊಯ್ದು ಕುದಿಯುವ ಸೂಪಿಗೆ ಹಾಕಿ. ಮುಚ್ಚಳವಿಲ್ಲದೆ 8ರಿಂದ 10 ನಿಮಿಷ ಕುದಿಸಿ. ಉಪ್ಪು ರುಚಿ ನೋಡಿ, ಅರ್ಧ ಚಮಚ ಕುಟ್ಟಿದ ಕಾಳುಮೆಣಸು ಹಾಕಿ, ಒಲೆ ಆರಿಸಿ ಎರಡು ಚಮಚ ನಿಂಬೆರಸ ಹಿಂಡಿ.

ಟಸ್ಕನಿಯಲ್ಲಿ ಬಡಿಸುವಾಗ ಮೇಲೆ ಹಸಿ ಆಲಿವ್ ಎಣ್ಣೆ ಬಿಡುತ್ತಾರೆ. ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ಒಂದು ಚಮಚ ಬಿಟ್ಟು ನೋಡಿ, ಆ ಬಿಸಿಗೆ ಏಳುವ ಘಮ ಯಾವ ಪರದೇಶದ ಎಣ್ಣೆಗೂ ಇಲ್ಲದ್ದು ಅನ್ನಿಸುತ್ತದೆ. ಬೆಣ್ಣೆದೋಸೆಯ ಊರಿನವರು ನೀವು, ಎಣ್ಣೆಯ ಬದಲು ಒಂದು ಉಂಡೆ ಹಸಿ ಬೆಣ್ಣೆ ಹಾಕಿದರೂ ತಪ್ಪಿಲ್ಲ.

ನೀವು ಹೇಳುವ ಹಾಗೆಯೇ ರಾತ್ರಿಯೆಲ್ಲಾ ಕಾಳು ನೆನೆಸುತ್ತೇನೆ. ಎಂಟು ಸೀಟಿ ಕೂಗಿಸಿದರೂ ಕಾಳು ಕಲ್ಲಿನ ಹಾಗೇ ಇರುತ್ತದೆ. ದಾವಣಗೆರೆಯ ತಂಗಿ ಮನೆಯಲ್ಲಿ ಅದೇ ಅಂಗಡಿಯ ಕಾಳು ಹೂವಿನ ಹಾಗೆ ಬೇಯುತ್ತದೆ. ಕುಕ್ಕರ್ ಬದಲಿಸಬೇಕಾ?
– ಓದುಗರು, ಜಗಳೂರು

ಕುಕ್ಕರ್ ಬದಲಿಸಬೇಡಿ, ನೀರು ಬದಲಿಸಿ. ನಿಮ್ಮ ತಂಗಿಯ ಮನೆಗೆ ಬರುವುದು ತುಂಗಭದ್ರಾ ಹೊಳೆಯದೋ ಭದ್ರಾ ನಾಲೆಯದೋ ನೀರು ಇರಬೇಕು, ನಿಮ್ಮ ಮನೆಗೆ ಬೋರ್‌ವೆಲ್ ನೀರು. ಬೋರಿನ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣದ ಹೊಪ್ಪಳೆ ಕಟ್ಟುವುದನ್ನು ನೋಡಿರುತ್ತೀರಿ. ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬೇಯುವುದು ಅಂದರೆ ಆ ಅಂಟು ಕರಗುವುದು. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್ ಜೊತೆ ಸೇರಿ ಅದನ್ನು ಕರಗದ ಹಾಗೆ ಬಿಗಿಮಾಡುತ್ತದೆ. ಆಮೇಲೆ ಎಂಟಲ್ಲ, ಹದಿನೆಂಟು ಸೀಟಿ ಕೂಗಿಸಿದರೂ ಗ್ಯಾಸ್ ಖರ್ಚಾಗುತ್ತದೆ ಅಷ್ಟೆ.

ಸುಲಭದ ದಾರಿ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವ ಕ್ಯಾನಿನ ನೀರನ್ನೇ ಕಾಳಿಗೆ ಬಳಸುವುದು. ನೆನೆಸುವುದಕ್ಕೂ ಅದೇ, ಬೇಯಿಸುವುದಕ್ಕೂ ಅದೇ. ತೊಳೆಯಲು ಬೇಕಾದರೆ ಬೋರಿನದು ಸಾಕು. ಎರಡೂ ಸೇರಿ ಹೆಚ್ಚುಕಡಿಮೆ ಮೂರು ಲೀಟರ್ ಆಗುತ್ತದೆ. ಮಳೆಗಾಲದಲ್ಲಿ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ಅದರಲ್ಲಿ ಸುಣ್ಣವೇ ಇರುವುದಿಲ್ಲ.

ಅದೂ ಇಲ್ಲದಿದ್ದರೆ ಬೋರಿನ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ತಳದಲ್ಲಿ ಕೂತ ಬಿಳಿ ಗಸಿ ಕದಡದ ಹಾಗೆ ಮೇಲಿನ ನೀರನ್ನು ಬಗ್ಗಿಸಿಕೊಳ್ಳಿ. ಗಡಸಿನಲ್ಲಿ ಒಂದು ಭಾಗ ಹೀಗೆ ಇಳಿಯುತ್ತದೆ, ಪೂರ್ತಿ ಅಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಾಗಗಳು ಬಹಳ ಇವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಈ ಸೂಪಿನಲ್ಲಿ ಕಟ್ಟನ್ನು ಚೆಲ್ಲದೆ ಕುಡಿಯುತ್ತೇವೆ. ಹಾಗಾಗಿ ನಿಮ್ಮ ಬೋರಿನಲ್ಲಿ ಫ್ಲೋರೈಡ್ ಇದೆ ಅಂತ ಗೊತ್ತಿದ್ದರೆ ಘಟಕದ ನೀರೇ ಆಗಬೇಕು.

ಅಡುಗೆ ಸೋಡಾ? ಹಾಕಬಹುದು, ನೆನೆಸುವ ನೀರಿಗೆ ಮಾತ್ರ, 200 ಗ್ರಾಂ ಕಾಳಿಗೆ ಕಾಲು ಚಮಚ. ಬೆಳಿಗ್ಗೆ ಆ ನೀರು ಚೆಲ್ಲುತ್ತೀರಿ. ಬೇಯಿಸುವ ನೀರಿಗೆ ಕಣ್ಣಂದಾಜಿನಲ್ಲಿ ಸುರಿದರೆ ಕಾಳು ಹೊರಗೆ ಅಂಬಲಿ, ಒಳಗೆ ಗಟ್ಟಿ ಆಗುತ್ತದೆ, ಸೂಪಿಗೆ ಸೋಪಿನ ರುಚಿ ಬರುತ್ತದೆ. ಕಾಳಿನಲ್ಲಿರುವ ಬಿ1 ಜೀವಸತ್ವವೂ ನಾಶವಾಗುತ್ತದೆ.

ನೀರು ಬದಲಿಸಿದ ಮೇಲೂ ಬೇಯದಿದ್ದರೆ ಇನ್ನೆರಡು ಕಾರಣ ನೋಡಿ. ಒಂದು, ಕಾಳು ಹಳೆಯದು. ತಗಡಿನ ಮಾಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದ ಕಾಳು ಯಾವ ನೀರಿಗೂ ಬಗ್ಗುವುದಿಲ್ಲ, ಬಿಸಿ ಮತ್ತು ತೇವ ಸೇರಿ ಒಳಗೇ ಬಿಗಿದುಕೊಂಡಿರುತ್ತದೆ. ಹೊಸ ಬಿಳಿ ರಾಜ್ಮಾ ಕೆನೆಬಣ್ಣ, ಹೊಳಪು. ಹಳೆಯದು ಮಂಕು, ಹಳದಿಗೆ ತಿರುಗಿರುತ್ತದೆ, ಸಿಪ್ಪೆಯಲ್ಲಿ ಕೂದಲೆಳೆ ಬಿರುಕು ಕಾಣುತ್ತದೆ. ಎರಡು, ಟೊಮೆಟೊ, ಹುಣಸೆ, ನಿಂಬೆ ಇವುಗಳನ್ನು ಕಾಳಿನ ಜೊತೆಗೇ ಕುಕ್ಕರಿಗೆ ಹಾಕುವುದು. ಹುಳಿಯೂ ಸುಣ್ಣದ ಹಾಗೆಯೇ ಪೆಕ್ಟಿನ್ ಕರಗಲು ಬಿಡುವುದಿಲ್ಲ. ಕಾಳು ಪೂರ್ತಿ ಬೆಂದ ಮೇಲೆಯೇ ಹುಳಿ.

ಹರಿಹರದ ಸಂತೆಯಲ್ಲಿ ಕೇಲ್ ಅಂದರೆ ಮುಖ ನೋಡ್ತಾರೆ. ಅದರ ಬದಲು ಏನು ಹಾಕಬಹುದು? ಬಿಳಿ ರಾಜ್ಮಾ ಬದಲು ಮನೆಯಲ್ಲಿರುವ ಅಲಸಂದೆ ಆಗುತ್ತಾ?
– ಓದುಗರು, ಹರಿಹರ

ನವಿಲುಕೋಸು ಮಾರುವವರ ಹತ್ತಿರ ಹೋಗಿ, ಗಡ್ಡೆಯ ಮೇಲಿನ ಎಲೆ ಮುರಿಯಬೇಡಿ ಅಂತ ಹೇಳಿ. ಕೇಲ್, ನವಿಲುಕೋಸು, ಎಲೆಕೋಸು, ಹೂಕೋಸು ಇವೆಲ್ಲಾ ಒಂದೇ ಸಸ್ಯಜಾತಿ, ಬ್ರಾಸಿಕಾ ಒಲರೇಸಿಯಾ. ಒಂದರಲ್ಲಿ ಗಡ್ಡೆಗೆ, ಒಂದರಲ್ಲಿ ಹೂವಿಗೆ, ಕೇಲ್‌ನಲ್ಲಿ ಎಲೆಗೆ ಅಂತ ರೈತರು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಅದಕ್ಕೇ ನವಿಲುಕೋಸಿನ ಎಳೆ ಎಲೆ ಕೇಲ್‌ಗೆ ಅತ್ಯಂತ ಹತ್ತಿರದ ಬದಲಿ. ರುಚಿ, ಜಗಿಯುವ ಹದ, ಬೇಯುವ ಹೊತ್ತು ಎಲ್ಲಾ ಹೆಚ್ಚುಕಡಿಮೆ ಅದೇ. ಎರಡು ಮೂರು ಗಡ್ಡೆಯ ಎಲೆ ಒಂದು ಪಾತ್ರೆಗೆ ಆಗುತ್ತದೆ. ಅಂಗೈಗಿಂತ ದೊಡ್ಡ, ಹಳದಿ ಅಂಚಿನ ಎಲೆ ಬೇಡ. ಹೂಕೋಸಿನ ಒಳಗಿನ ತೆಳುಹಸಿರು ಎಲೆಯೂ ಚೆನ್ನ. ಮಾರುಕಟ್ಟೆಯಲ್ಲಿ ಅದನ್ನು ದನಕ್ಕೆ ಹಾಕುತ್ತಾರೆ, ನೋಡಿದಾಗಲೆಲ್ಲಾ ಹೊಟ್ಟೆ ಉರಿಯುತ್ತದೆ.

ಈ ಎಲೆಗಳ ಅಡಿಯಲ್ಲಿ ಹಸಿರು ಕೀಡೆ, ಬೂದಿ ಬಣ್ಣದ ಹೇನು ಕೂತಿರುತ್ತವೆ. ಉಪ್ಪುನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಟ್ಟರೆ ಬಿಟ್ಟು ಮೇಲೆ ತೇಲುತ್ತವೆ, ಆಮೇಲೆ ಹರಿಯುವ ನೀರಿನಲ್ಲಿ ಅಡಿಯ ಬದಿಯನ್ನು ಬೆರಳಿನಿಂದ ತಿಕ್ಕಿ ತೊಳೆಯಿರಿ.

ನುಗ್ಗೆಸೊಪ್ಪು ಹಾಕುವುದಾದರೆ 60 ಗ್ರಾಂ ಎಲೆ ಸಾಕು, ಕೊನೆಯ ಐದು ನಿಮಿಷಕ್ಕೆ. ಹೆಚ್ಚು ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ. ಎಳೆ ಮೂಲಂಗಿ ಸೊಪ್ಪಿನ ಸಣ್ಣ ಖಾರ ಬಿಳಿ ಕಾಳಿಗೆ ಬಹಳ ಹೊಂದುತ್ತದೆ. ಪಾಲಕ್ ಎರಡೇ ನಿಮಿಷಕ್ಕೆ ಕರಗಿಹೋಗುತ್ತದೆ, ಸೂಪಿನಲ್ಲಿ ಜಗಿಯಲು ಏನೂ ಉಳಿಯುವುದಿಲ್ಲ. ಕೆಂಪು ಹರಿವೆ ಹಾಕಿದರೆ ಇಡೀ ಪಾತ್ರೆ ಗುಲಾಬಿ.

ಬಿಳಿ ಅಲಸಂದೆ ಧಾರಾಳವಾಗಿ ಆಗುತ್ತದೆ. ನಾಲ್ಕು ಗಂಟೆ ನೆನೆದರೆ ಸಾಕು, ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ ಐದೇ ನಿಮಿಷ. ಆದರೆ ರಾಜ್ಮಾದಷ್ಟು ಕೆನೆ ಬಿಡುವುದಿಲ್ಲ, ಮೂರರಲ್ಲಿ ಒಂದರ ಬದಲು ಅರ್ಧ ಪಾಲು ಮಸೆಯಬೇಕು. ಕಾಬೂಲಿ ಕಡಲೆಗೆ ರಾತ್ರಿಯಿಡೀ ನೆನೆಸಿ 20 ನಿಮಿಷ. ಡಿಸೆಂಬರ್, ಜನವರಿಯ ಸೊಗಡಿನ ಅವರೆಕಾಯಿ ಕಾಲದಲ್ಲಿ ಮಾತ್ರ ಬೇರೆ ಯಾವ ಕಾಳೂ ಬೇಡ, ಹಿತುಕಿದ ಅವರೆಬೇಳೆ 300 ಗ್ರಾಂ ತೆಗೆದುಕೊಳ್ಳಿ. ಕುಕ್ಕರ್ ಬೇಡವೇ ಬೇಡ, ತೆರೆದ ಪಾತ್ರೆಯಲ್ಲಿ 12ರಿಂದ 15 ನಿಮಿಷಕ್ಕೆ ಬೇಯುತ್ತದೆ. ಸಿಪ್ಪೆ ಇಲ್ಲದ ಆ ಬೇಳೆ ಕೊಡುವ ನುಣುಪು ಕ್ಯಾನೆಲಿನಿಗಿಂತ ಒಂದು ಕೈ ಮೇಲೆಂದೇ ನಮ್ಮ ಅಭಿಪ್ರಾಯ.

ಕೇಲ್ ಬೇಕೇಬೇಕು ಅಂದರೆ ಕುಂಡದಲ್ಲಿ ಬೆಳೆಯಿರಿ. ಅಕ್ಟೋಬರ್‌ನಲ್ಲಿ ಬೀಜ ಹಾಕಿ, 12 ಅಂಗುಲದ ಕುಂಡಕ್ಕೆ ಒಂದೇ ಗಿಡ. ಎರಡು ತಿಂಗಳಿಗೆ ಕೆಳಗಿನ ಎಲೆಗಳಿಂದ ಕೀಳುತ್ತಾ ಬನ್ನಿ, ಸುಳಿ ಮುಟ್ಟಬೇಡಿ, ಮಾರ್ಚ್ ಬಿಸಿಲು ಏರುವ ತನಕ ಕೊಡುತ್ತದೆ.

ಸೊಪ್ಪು ಹಾಕಿದಾಗ ಕಡುಹಸಿರು ಇದ್ದದ್ದು ಬಡಿಸುವಾಗ ಖಾಕಿ ಬಣ್ಣ ಆಗಿತ್ತು, ಕಹಿಯೂ ಇತ್ತು. ಎಲ್ಲಿ ತಪ್ಪಿತು?
– ಓದುಗರು, ಚಿತ್ರದುರ್ಗ

ಮುಚ್ಚಳ ಮುಚ್ಚಿ ಬೇಯಿಸಿದ್ದೀರಿ, ಇಲ್ಲವೇ ನಿಂಬೆರಸ ಕುದಿಯುವಾಗಲೇ ಹಿಂಡಿದ್ದೀರಿ. ಎಲೆ ಬೇಯುವಾಗ ಅದರೊಳಗಿನ ಹುಳಿ ಹಬೆಯ ಜೊತೆ ಹೊರಗೆ ಹೋಗಬೇಕು. ಮುಚ್ಚಿದರೆ ಅದೇ ಹನಿಯಾಗಿ ಮರಳಿ ಬಿದ್ದು ಹಸಿರು ಬಣ್ಣದಲ್ಲಿರುವ ಮೆಗ್ನೀಸಿಯಂ ಅನ್ನು ಕಳಚುತ್ತದೆ, ಆಗ ಉಳಿಯುವುದೇ ಆ ಖಾಕಿ. ಟೊಮೆಟೊ ಇರುವುದರಿಂದ ಸ್ವಲ್ಪ ಮಂಕಾಗುವುದು ಸಹಜ, ಅದಕ್ಕೆ ಚಿಂತೆ ಬೇಡ.

ಕಹಿಗೆ ಕಾರಣ ಬಲಿತ ಎಲೆ ಮತ್ತು ನಡುನಾರು. ಬೇಸಿಗೆಯಲ್ಲಿ ಬೆಳೆದ ಕೇಲ್ ಚಳಿಗಾಲದ್ದಕ್ಕಿಂತ ಕಹಿ ಜಾಸ್ತಿ. ಎಲೆ ಹಾಗಿದ್ದರೆ ಕುದಿಯುವ ಉಪ್ಪುನೀರಿಗೆ ಒಂದೂವರೆ ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಅದ್ದಿ, ಹಿಂಡಿ ಸೂಪಿಗೆ ಹಾಕಿ, ನಾಲ್ಕು ನಿಮಿಷ ಕುದಿಸಿದರೆ ಸಾಕು. ಕಹಿ ಈಗಾಗಲೇ ಬಂದುಬಿಟ್ಟಿದ್ದರೆ ಬೆಲ್ಲ ಹಾಕಲು ಹೋಗಬೇಡಿ, ಸೂಪಿನ ರುಚಿಯೇ ಅಡ್ಡದಾರಿ ಹಿಡಿಯುತ್ತದೆ. ಚಿಟಿಕೆ ಉಪ್ಪು, ಒಂದು ಚಮಚ ಬೆಣ್ಣೆ, ಅಷ್ಟಕ್ಕೇ ಕಹಿ ತಗ್ಗುತ್ತದೆ.

ಸೂಪ್ ನೀರುನೀರಾಗಿ, ಕಾಳು ತಳದಲ್ಲಿ ಕೂರುತ್ತದೆ. ಕಾರ್ನ್‌ಫ್ಲೋರ್ ಎಷ್ಟು ಹಾಕಲಿ?
– ಓದುಗರು, ಹೊಳಲ್ಕೆರೆ

ಒಂದು ಚಮಚವೂ ಬೇಡ. ಕಾಳಿನಲ್ಲೇ ಪಿಷ್ಟ ಇದೆ, ಅದನ್ನು ಬಿಡಿಸಿ ಅಷ್ಟೆ. ಇನ್ನೊಂದು ಸೌಟು ಕಾಳು ಮಸೆದು ಸೇರಿಸಿ, ಮುಚ್ಚಳ ತೆಗೆದು ಐದು ನಿಮಿಷ ಜೋರಾಗಿ ಕುದಿಸಿ. ಮಿಕ್ಸಿಗೆ ಹಾಕುವುದಾದರೆ ಪೂರ್ತಿ ಆರಿದ ಮೇಲೆ, ಅದೂ ಎರಡು ಸಲ ತಿರುಗಿಸಿ ನಿಲ್ಲಿಸಿ. ಹೆಚ್ಚು ತಿರುಗಿಸಿದರೆ ಗೋಂದಿನ ಹಾಗೆ ಎಳೆಎಳೆಯಾಗುತ್ತದೆ.

ಬಿಳಿ ರಾಜ್ಮಾ ನೆನೆಸಿ, ಕರೆಂಟಿನ ಸ್ಲೋ ಕುಕ್ಕರಿನಲ್ಲಿ ಆರು ಗಂಟೆ ಇಟ್ಟು ಸೂಪ್ ಮಾಡಿದೆವು. ಕಾಳು ಸ್ವಲ್ಪ ಗಟ್ಟಿ ಇತ್ತು. ತಿಂದ ಎರಡು ಗಂಟೆಯಲ್ಲಿ ಮೂವರಿಗೂ ವಾಂತಿ. ಸೊಪ್ಪಿಗೆ ಔಷಧಿ ಹೊಡೆದಿದ್ದರಾ?
– ಓದುಗರು, ಹೊನ್ನಾಳಿ

ನೀವು ಬರೆದ ಲಕ್ಷಣ, ಹೊತ್ತು ನೋಡಿದರೆ ಮೊದಲು ಅನುಮಾನ ಬರುವುದು ಕಾಳಿನ ಮೇಲೆ. ರಾಜ್ಮಾ ಜಾತಿಯ ಹಸಿ ಕಾಳುಗಳಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಹೊಟ್ಟೆ ಕೆಡಿಸುವ ಒಂದು ಪ್ರೋಟೀನ್, ಇರುತ್ತದೆ. ಕೆಂಪು ರಾಜ್ಮಾದಲ್ಲಿ ಅತಿ ಹೆಚ್ಚು. ಬಿಳಿಯದರಲ್ಲಿ ಅದಕ್ಕಿಂತ ಬಹಳ ಕಡಿಮೆ, ಆದರೆ ಇಲ್ಲದೇ ಇಲ್ಲ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಕರಿಕೆ, ವಾಂತಿ, ಆಮೇಲೆ ಭೇದಿ ಆಗುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ಕಡಿಮೆಯಾದರೂ ಮಕ್ಕಳು, ವಯಸ್ಸಾದವರು ಇದ್ದರೆ ಅಥವಾ ನಿಲ್ಲದಿದ್ದರೆ ಕಾಯದೆ ವೈದ್ಯರ ಹತ್ತಿರ ಹೋಗಿ.

ಅದನ್ನು ನಾಶಮಾಡುವುದು ಹೊತ್ತಲ್ಲ, ಕುದಿ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮರಳಿ ಮರಳಿ ಕುದಿಯುವ ಹಾಗೆ ಹತ್ತು ನಿಮಿಷ. ಸ್ಲೋ ಕುಕ್ಕರ್ ಎಷ್ಟೋ ಸಲ ಕುದಿಯ ಹಂತಕ್ಕೆ ಏರುವುದೇ ಇಲ್ಲ. ಸುಮಾರು 80 ಡಿಗ್ರಿಯಲ್ಲಿ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ತೊಂದರೆ ಕೊಡಬಹುದು. ಸ್ಲೋ ಕುಕ್ಕರ್ ಬಳಸಲೇಬೇಕಿದ್ದರೆ ಮೊದಲು ಒಲೆಯ ಮೇಲೆ ಹತ್ತು ನಿಮಿಷ ಕುದಿಸಿ, ಆ ಬಿಸಿಯಲ್ಲೇ ಅದಕ್ಕೆ ವರ್ಗಾಯಿಸಿ. ಮೊಳಕೆ ಕಟ್ಟಿದ ರಾಜ್ಮಾವನ್ನು ಹೆಸರುಕಾಳಿನ ಹಾಗೆ ಹಸಿಯಾಗಿ ಕೋಸಂಬರಿಗೆ ಹಾಕುವುದಂತೂ ಬೇಡವೇ ಬೇಡ.

ತಿಂದರೆ ಹೊಟ್ಟೆ ಉಬ್ಬರ. ಏನು ಮಾಡಲಿ?
– ಓದುಗರು, ಹೊಸದುರ್ಗ

ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ನಮ್ಮ ಸಣ್ಣಕರುಳು ಅರಗಿಸುವುದಿಲ್ಲ. ದೊಡ್ಡಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಾಗ ಗಾಳಿ ಹುಟ್ಟುತ್ತದೆ. ನೆನೆಸುವಾಗ ನೀರನ್ನು ಒಮ್ಮೆ ನಡುವೆ ಬದಲಿಸಿ, ಬೆಳಿಗ್ಗೆ ಪೂರ್ತಿ ಚೆಲ್ಲಿ, ಒಂದಷ್ಟು ಭಾಗ ಅದರಲ್ಲೇ ಹೋಗುತ್ತದೆ. ಕಾಳು ಮೆತ್ತಗೆ ಬೆಂದಿರಲಿ. ಮೊದಲ ವಾರ ಅರ್ಧ ಬಟ್ಟಲಿನಿಂದ ಶುರುಮಾಡಿ, ಹೊಟ್ಟೆ ಹೊಂದಿಕೊಳ್ಳುತ್ತದೆ. ಒಗ್ಗರಣೆಗೆ ಕಾಲು ಚಮಚ ಓಮ ಹಾಕಿದರೆ ರುಚಿಗೂ ಚೆನ್ನ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆ ನಮ್ಮದು. ಅವಿಲ್ಲದೆ ರುಚಿ ಬರುತ್ತಾ?
– ಓದುಗರು, ದಾವಣಗೆರೆ

ಬರುತ್ತದೆ. ಎಣ್ಣೆಗೆ ಕಡಲೆಕಾಳಿನಷ್ಟು ಇಂಗು, ಒಂದು ಅಂಗುಲ ಶುಂಠಿ, ಅರ್ಧ ಚಮಚ ಜೀರಿಗೆ. ಈರುಳ್ಳಿಯ ಸಿಹಿಯ ಜಾಗಕ್ಕೆ ಸಣ್ಣಗೆ ಹೆಚ್ಚಿದ ಎಲೆಕೋಸು ಒಂದು ಬಟ್ಟಲು, ಒಂದು ಕ್ಯಾರೆಟ್ ಹೆಚ್ಚಿಗೆ. ಅದೇ ಸಣ್ಣ ಉರಿ, ಅದೇ ಹದಿನೈದು ನಿಮಿಷ.

ನಮ್ಮ ತಂದೆಯವರಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿದೆ, ವಾರ್ಫರಿನ್ ಮಾತ್ರೆ ತಗೊಳ್ತಾರೆ. ಈ ಸೂಪ್ ಕೊಡಬಹುದಾ?
– ಓದುಗರು, ಹಿರಿಯೂರು

ಕೊಡುವ ಮುಂಚೆ ಅವರ ವೈದ್ಯರನ್ನು ಕೇಳಿ. ಕೇಲ್, ನವಿಲುಕೋಸಿನ ಎಲೆ, ಪಾಲಕ್, ನುಗ್ಗೆಸೊಪ್ಪು ಎಲ್ಲದರಲ್ಲೂ ಕೆ ಜೀವಸತ್ವ ಹೆಚ್ಚು. ಅದು ರಕ್ತ ಹೆಪ್ಪುಗಟ್ಟಲು ಬೇಕಾದದ್ದು, ವಾರ್ಫರಿನ್ ಅದಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಸೊಪ್ಪನ್ನೇ ಬಿಡಬೇಕೆಂದಲ್ಲ, ವಾರವಾರ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಒಂದು ತಿಂಗಳು ಮುಟ್ಟದೆ ಇದ್ದು ಆಮೇಲೆ ದಿನಾ ಬಟ್ಟಲುಗಟ್ಟಲೆ ಕುಡಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿಸಿಕೊಂಡವರೂ ಕೇಳದೆ ಕುಡಿಯಬಾರದು, ಕಾಳು, ಸೊಪ್ಪು, ಟೊಮೆಟೊ ಮೂರರಲ್ಲೂ ಅದು ಇದೆ.

ಮಾಡಿದ ಸೂಪ್ ಮರುದಿನ ಗಟ್ಟಿಯಾಗಿ ಪಲ್ಯದ ಹಾಗಾಗುತ್ತದೆ. ಎಷ್ಟು ದಿನ ಇಡಬಹುದು? ಬ್ರೆಡ್ ನಮಗೆ ಸೇರುವುದಿಲ್ಲ, ಇದರ ಜೊತೆ ಏನು ತಿನ್ನೋದು?
– ಓದುಗರು, ಚಳ್ಳಕೆರೆ

ಕಾಳಿನ ಪಿಷ್ಟ ತಣ್ಣಗಾದಾಗ ನೀರು ಹಿಡಿದುಕೊಳ್ಳುತ್ತದೆ, ಅದಕ್ಕೇ ಗಟ್ಟಿ. ಅರ್ಧ ಲೋಟ ಬಿಸಿನೀರು ಹಾಕಿ ಕುದಿಸಿ, ಉಪ್ಪು ಮತ್ತೆ ನೋಡಿ, ನಿಂಬೆರಸ ಹೊಸದಾಗಿ ಹಿಂಡಿ. ಮಾಡಿದ ಎರಡು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಆರಿಸಿ ಫ್ರಿಜ್ಜಿಗೆ ಇಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಸೊಪ್ಪು ಹಾಕುವ ಮುಂಚಿನ ಕಾಳು ಮತ್ತು ಕಟ್ಟನ್ನು ಫ್ರೀಜರಿನಲ್ಲಿ ಎರಡು ತಿಂಗಳು ಇಡಬಹುದು, ಬೇಕಾದಾಗ ಕರಗಿಸಿ ತಾಜಾ ಸೊಪ್ಪು ಹಾಕಿಕೊಳ್ಳಿ.

ಮರುದಿನದ ಸೂಪಿಗೆ ಟಸ್ಕನಿಯಲ್ಲಿ ಬೇರೆ ಹೆಸರೇ ಇದೆ, ರಿಬೊಲಿಟಾ. ಮತ್ತೆ ಕುದಿಸಿದ್ದು ಅಂತ ಅರ್ಥ. ಉಳಿದ ಸೂಪಿಗೆ ಒಣಗಿದ ಹಳೆ ಬ್ರೆಡ್ ಮುರಿದು ಹಾಕಿ ಕುದಿಸುತ್ತಾರೆ, ಚಮಚ ನಿಲ್ಲುವಷ್ಟು ಗಟ್ಟಿ. ನಿಮ್ಮ ಮನೆಯಲ್ಲಿ ಕಟಕ ಜೋಳದ ರೊಟ್ಟಿ ಇರುತ್ತದಲ್ಲ, ಅದನ್ನೇ ಮುರಿಯಿರಿ. ಒಂದು ಬಟ್ಟಲಿಗೆ ಅರ್ಧ ರೊಟ್ಟಿ, ಎರಡು ಬೆರಳಗಲದ ಚೂರು. ಕುದಿಯುವ ಸೂಪನ್ನು ಮೇಲೆ ಹೊಯ್ದು ಮುಚ್ಚಿ ಮೂರೇ ನಿಮಿಷ ಬಿಡಿ. ಅಂಚು ಮೆತ್ತಗಾಗಿ ನಡುವೆ ಇನ್ನೂ ಸ್ವಲ್ಪ ಕಟುಂ ಅನ್ನುವಾಗ ತಿನ್ನಬೇಕು. ಐದು ನಿಮಿಷ ಬಿಟ್ಟರೆ ನುಚ್ಚಾಗುತ್ತದೆ. ಮೇಲೆ ಶೇಂಗಾ ಚಟ್ನಿಪುಡಿ ಒಂದು ಚಮಚ ಉದುರಿಸಿ, ನೆಂಚಿಕೊಳ್ಳಲು ಹಸಿ ಈರುಳ್ಳಿ. ರಾಗಿ ಮುದ್ದೆಗಾದರೆ ಸೂಪನ್ನು ಸ್ವಲ್ಪ ತೆಳ್ಳಗೆ ಮಾಡಿ, ಕಾಳುಮೆಣಸು ಇನ್ನೊಂದು ಕಾಲು ಚಮಚ ಹೆಚ್ಚಿಸಿ.